ಮೊದಲು ಬರೆದ ಆ್ಯಪ್

ಅಕ್ಕನ ಹೊಲಿಗೆ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಪರದೆ ಒಡೆದ ಹಳೇ ಲ್ಯಾಪ್‌ಟಾಪೊಂದು ಬಿದ್ದಿತ್ತು. ಅದಕ್ಕೆ ಹಗುರವಾದ ವೆಬ್ ಸರ್ವರ್ ಹಾಕಿ, ಗಿರಾಕಿಗಳು ಅಳತೆಗೆ ಬರುವ ಹೊತ್ತು ಗೊತ್ತುಮಾಡಿಕೊಳ್ಳಲು ಪುಟ್ಟ ಆ್ಯಪ್ ಕೂರಿಸಿದೆ. ಅಕ್ಕ ಹಿಗ್ಗಿ ಹೀರೇಕಾಯಿಯಾದಳು.

ಭಾವ ಮೆಲ್ಲಗೆ ಪಕ್ಕಕ್ಕೆ ಬಂದರು. "ಅದ್ರಲ್ಲಿ ಇನ್ನೊಂದು ಹಿಡಿಸತ್ತಾ? ನಿಮ್ಮಕ್ಕನ ಕಿವಿಗೆ ಬೀಳ್ಬಾರ್ದು. ಐಸ್‌ಕ್ರೀಂ ನಂದು."

ಅವರಿಗೆ ಬೇಕಿದ್ದದ್ದು ಅಕ್ಕನ ಹವಾಮಾನ. ಮನೆಯಲ್ಲಿರುವ ನಾನು ಬಣ್ಣ ಒತ್ತಬೇಕು. ಹಸಿರಾದರೆ ಭಾವ ಆಫೀಸಿನಿಂದ ನೇರ ಮನೆಗೆ. ಕೆಂಪಾದರೆ ಅಕ್ಕ ತಣ್ಣಗಾಗುವವರೆಗೆ ಗೆಳೆಯರ ಜೊತೆ ಇಸ್ಪೀಟು. ಗುಟ್ಟು ರಟ್ಟಾದರೆ ಇಸ್ಪೀಟಿಗೆ ಎಳ್ಳುನೀರು. ಆಡಿ ಬಂದ ದಿನ ಐಸ್‌ಕ್ರೀಂ ದೊಡ್ಡದಿರುತ್ತಿತ್ತು. ಹಾಗಾಗಿ ಅಕ್ಕ ಹಾಡು ಗುನುಗುತ್ತಿದ್ದ ದಿನವೂ ನಾನು ಕೆಂಪನ್ನೇ ಒತ್ತುತ್ತಿದ್ದೆ!

ಎರಡೂ ಆ್ಯಪ್‌ಗಳ ವಿಳಾಸದ ಹಿಂಭಾಗ ಒಂದೇ, ಮುಂದಿನ ತುಂಡು ಮಾತ್ರ ಬೇರೆ: ಒಂದಕ್ಕೆ 'ಹೊಲಿಗೆ', ಇನ್ನೊಂದಕ್ಕೆ 'ಹವೆ'. ಆ ತುಂಡಿಲ್ಲದೆ ಯಾರಾದರೂ ಬಂದರೆ, ಸರ್ವರ್ ತನ್ನ ಪಟ್ಟಿಯಲ್ಲಿ ಮೊದಲು ಬರೆದಿಟ್ಟ ಆ್ಯಪನ್ನೇ ತೆರೆಯುತ್ತದೆ. ಐಸ್‌ಕ್ರೀಂ ಋಣಕ್ಕೆ ನಾನು ಆ ಪಟ್ಟಿಯಲ್ಲಿ ಭಾವನದ್ದನ್ನು ಮೊದಲು ಬರೆದಿದ್ದೆ. ಅರ್ಧ ವಿಳಾಸ ಹಿಡಿದು ಯಾರು ತಾನೇ ಬರುತ್ತಾರೆ?

ಎಲ್ಲರೂ ಬಂದರು. ಅಂಗಡಿಯ ಚೀಲದ ಮೇಲೆ ವಿಳಾಸ ಅಚ್ಚು ಹಾಕಿಸುವಾಗ ಅಗಲ ಸಾಲಲಿಲ್ಲವಂತೆ. ಉದ್ದವಾದ ತೋಳನ್ನು ಕತ್ತರಿಸಿದಂತೆ ಅಕ್ಕ ಮುಂದಿನ ತುಂಡನ್ನು ಕತ್ತರಿಸಿ ಹಾಕಿದ್ದಳು.

ಅಂಗಡಿಯತ್ತ ನರಪಿಳ್ಳೆಯೂ ಸುಳಿಯಲಿಲ್ಲ. ಕೊನೆಗೆ ಹಲ್ಲಿನ ಡಾಕ್ಟರು ಫೋನ್ ಮಾಡಿದರು. "ಕೋಟಿನ ಅಳತೆ ಕೊಡೋಣ ಅಂತ ನಿಮ್ ಪುಟ ತೆಗೆದ್ರೆ, 'ಇವತ್ತು ಕೆಂಪು, ಮನೆ ಕಡೆ ತಲೆ ಹಾಕ್ಬೇಡಿ' ಅಂತಿದೆ. ನಾಳೆ ಬರ್ಲಾ?"

ಅಕ್ಕ ಫೋನಿಟ್ಟು ನನ್ನನ್ನು ನೋಡಿದಳು. ಬಣ್ಣ ಒತ್ತುತ್ತಿದ್ದುದನ್ನೆಲ್ಲ ಒದರಿಬಿಟ್ಟೆ, ದೊಡ್ಡ ಐಸ್‌ಕ್ರೀಂನ ವಿಷಯವೊಂದನ್ನು ಬಿಟ್ಟು.

"ನಾನು ಅಷ್ಟೊಂದು ಕೆಂಪಾಗಿರ್ತೀನೇನೇ?" ಎಂದಳು. ಅವಳಿಗೆ ನೋವಾಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವಳ ಆ್ಯಪನ್ನು ಮೊದಲಿಗೆ ತಂದು, ಸರ್ವರನ್ನು ಮತ್ತೆ ಚಾಲೂ ಮಾಡಿದೆ.

"ಭಾವಂದು ಅಳಿಸಿಬಿಡ್ಲಾ?"

"ಬೇಡ. ಬಣ್ಣ ಒತ್ತೋದು ಹೇಗೆ, ತೋರ್ಸು."

ಅಂದಿನಿಂದ ಪುಟ ಹಸಿರೋ ಹಸಿರು. ಭಾವನ ಫೋನಿನಲ್ಲಿ ಅದನ್ನು ನೋಡಿ ಗೆಳೆಯರೇ ಭಾವನನ್ನು ಇಸ್ಪೀಟಿನಿಂದ ಎಬ್ಬಿಸಿ ಮನೆಗೆ ಅಟ್ಟತೊಡಗಿದರು. ಮನೆಯಲ್ಲಿ ಗುಂಡಿ ಹಚ್ಚಬೇಕಾದ ಕೋಟುಗಳ ರಾಶಿ ಅವರಿಗಾಗಿ ಕಾದಿರುತ್ತಿತ್ತು.

ಒಂದು ಸಂಜೆ ಗುಂಡಿ ಹಚ್ಚುತ್ತಲೇ ಭಾವ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ನಿನ್ನ ಸರ್ವರ್ ಕೆಟ್ಟಿದೆ ಕಣಮ್ಮಾ. ಹಸಿರು ಬಿಟ್ರೆ ಬೇರೆ ಬರ್ತಾನೇ ಇಲ್ಲ."

"ಕೆಟ್ಟಿಲ್ಲ ರೀ," ಪಕ್ಕದಲ್ಲೇ ಹೊಲಿಯುತ್ತಿದ್ದ ಅಕ್ಕ ಹಲ್ಲಲ್ಲಿ ದಾರ ಕಡಿದಳು. "ಈಗ ಬಣ್ಣ ಒತ್ತೋದು ನಾನು."

ಭಾವ ಸೂಜಿ ಚುಚ್ಚಿಕೊಂಡರು. ಬೆಪ್ಪಾಗಿ ನಕ್ಕು, "ಹಾಗಾದ್ರೆ ಈ ಹಸಿರೆಲ್ಲ ಸುಳ್ಳಾ?" ಎಂದರು.

"ಮೊದ್ಲಿಂದ್ಲೂ ಹಸಿರೇ ಇತ್ತು. ನೋಡೋಕೆ ನೀವು ಮನೆಗೆ ಬರ್ಬೇಕಿತ್ತು."

ಭಾವನ ನಗು ನಿಂತಿತು. ಸೂಜಿ ಕೆಳಗಿಟ್ಟು ಅಕ್ಕನನ್ನೇ ನೋಡಿದರು. ಆಮೇಲೆ ಐಸ್‌ಕ್ರೀಂ ಲೆಕ್ಕ ಹೊಳೆದವರಂತೆ ನಿಧಾನವಾಗಿ ನನ್ನತ್ತ ತಿರುಗಿದರು. ನಾನು ಸೂಜಿಗೆ ದಾರ ಪೋಣಿಸುತ್ತ ತಲೆಯನ್ನೇ ಎತ್ತಲಿಲ್ಲ.