ಸಂಬಳದ ಮೇಲೆ ಬಡ್ಡಿ, ಬಡ್ಡಿಯ ಮೇಲೆ ಲಾಭಾಂಶ

ಗ್ಲೆನಿಸ್ ಮೂರು ವಾರದಿಂದ ಮೆನ್ನಾಳ ಜೊತೆ ಮಾತು ಬಿಟ್ಟಿದ್ದಳು. ಕಾರಣ, ಹತ್ತು ಪೌಂಡು.

ಗ್ಲೆನಿಸ್ ನಮ್ಮ ಊರಿನ ಶಾಲೆಯಲ್ಲಿ ಅಡುಗೆ ಮಾಡುವವಳು. ಮೆನ್ನಾ ಅದೇ ಶಾಲೆಯ ಆಫೀಸಿನವಳು. ಎಲ್ಲರ ಸಂಬಳದ ಚೀಟಿ ಅವಳ ಕೈಯಿಂದಲೇ ಬರುತ್ತದೆ. ಇಬ್ಬರೂ ಐದು ವರ್ಷದ ಹುಡುಗಿಯರಾಗಿದ್ದಾಗಿನಿಂದ ಗೆಳತಿಯರು. ವೇಲ್ಸಿನ ಕಡಲಂಚಿನ ಈ ಪುಟ್ಟ ಊರಿನಲ್ಲಿ ಒಬ್ಬಳಿಗೆ ನೆಗಡಿಯಾದರೆ ಇನ್ನೊಬ್ಬಳು ಸೀನುತ್ತಾಳೆ ಎಂದು ನಾವು ನಗೆಯಾಡುತ್ತಿದ್ದೆವು.

ಆಗಸ್ಟ್ ಕೊನೆಯ ಚೀಟಿಯಲ್ಲಿ ಗ್ಲೆನಿಸ್‌ಗೆ ಹತ್ತು ಪೌಂಡು ಕಡಿಮೆ ಬಂತು. ಗಂಡ ಇಫೋರ್ ತೋಟದ ಲೀಕ್ ಸೊಪ್ಪಿನ ಮಡಿಯಿಂದ ತಲೆಯೆತ್ತದೆ ತೀರ್ಪು ಕೊಟ್ಟ. ಚೀಟಿ ಕೊಟ್ಟವಳದೇ ತಪ್ಪಂತೆ. ತೆರಿಗೆ ಕಚೇರಿಯಿಂದ ಬಂದ ಕಂದು ಲಕೋಟೆ ಬ್ರೆಡ್ಡಿನ ಡಬ್ಬದ ಅಡಿಯಲ್ಲಿ ಜುಲೈನಿಂದ ಮಲಗಿತ್ತು. ಅಂಥ ಲಕೋಟೆ ಒಳ್ಳೆಯ ಸುದ್ದಿ ತರುವುದಿಲ್ಲ, ಆರಲಿ ಬಿಡು ಎನ್ನುವುದು ಆ ಮನೆಯ ಪದ್ಧತಿ. ಗ್ಲೆನಿಸ್ ಮೆನ್ನಾಳನ್ನು ಕೇಳಲಿಲ್ಲ. ಮುಖ ತಿರುಗಿಸಿದಳು, ಅಷ್ಟೇ.

ಸೆಪ್ಟೆಂಬರಿನ ಸುಗ್ಗಿ ಪ್ರಾರ್ಥನೆಯ ಹಿಂದಿನ ದಿನ ಚಾಪೆಲಿನ ಅಡುಗೆಕೋಣೆಯಲ್ಲಿ ಇಬ್ಬರಿಗೂ ಒಂದೇ ಮೇಜು ಸಿಕ್ಕಿತು. ಗ್ಲೆನಿಸ್ ದೊಡ್ಡ ಗಾಜಿನ ಬೋಗುಣಿಯಲ್ಲಿ ಕೇಕು, ಕಸ್ಟರ್ಡು, ಕ್ರೀಮಿನ ಪದರಗಳ ಟ್ರೈಫಲ್ ಕಟ್ಟುತ್ತಿದ್ದಳು. ಮೆನ್ನಾ ಬಾಗಿಲು ಹಾಕಿ ಬಂದು ನಿಂತಳು.

"ಏನೇ, ಇನ್ನೆಷ್ಟು ದಿನ?"

"ನನ್ನ ಹತ್ತು ಪೌಂಡು ಬರೋವರೆಗೂ," ಎಂದಳು ಗ್ಲೆನಿಸ್.

ಮೆನ್ನಾಗೆ ವಿಷಯ ತಿಳಿದದ್ದು ಆಗಷ್ಟೇ. ಅವಳು ಸಿಟ್ಟಾಗಲಿಲ್ಲ. ಬ್ಯಾಂಕಿನಲ್ಲಿ ಏನಾದರೂ ದುಡ್ಡು ಬಂತೇ ಎಂದು ಕೇಳಿದಳು. ಬಂದಿತ್ತು. ಮೂರು ವರ್ಷ ಮುಟ್ಟಬಾರದೆಂದು ಇಟ್ಟ ಠೇವಣಿಯ ಬಡ್ಡಿ, ಸಾವಿರದ ನಾನೂರು ಪೌಂಡು, ಹೋದ ವರ್ಷದ ಕೊನೆಯಲ್ಲಿ ಒಟ್ಟಿಗೆ ಬಂದಿತ್ತು. ಅದರ ತೆರಿಗೆಯನ್ನು ಬ್ಯಾಂಕೇ ಮುರಿದುಕೊಂಡಿರುತ್ತದೆ ಎಂದು ಇಫೋರ್ ಹೇಳಿದ್ದನಂತೆ.

"ಹಿಂದೆ ಮುರೀತಿದ್ರು. ನಿಲ್ಲಿಸಿ ಎಷ್ಟೋ ವರ್ಷ ಆಯ್ತು ಕಣೇ. ಇಫೋರ್‌ಗೆ ಆ ಸುದ್ದಿ ಇನ್ನೂ ತಲುಪಿಲ್ಲ."

ಆಮೇಲೆ ಮೆನ್ನಾ ಬೋಗುಣಿಯನ್ನೇ ತೋರಿಸಿ ಹೇಳಿದಳು. "ನೋಡು, ತಳದಲ್ಲಿರೋ ಕೇಕು ನಿನ್ನ ಸಂಬಳ. ಯಾವಾಗ್ಲೂ ಅದೇ ಮೊದಲು. ಅದರಲ್ಲಿ ಹನ್ನೆರಡು ಸಾವಿರದ ಐನೂರ ಎಪ್ಪತ್ತಕ್ಕೆ ತೆರಿಗೆ ಇಲ್ಲ, ಮಿಕ್ಕಿದ್ದಕ್ಕೆ ನೂರಕ್ಕೆ ಇಪ್ಪತ್ತು. ಅದರ ಮೇಲೆ ಕಸ್ಟರ್ಡು, ಅದು ಬಡ್ಡಿ. ನಿನ್ನಂಥ ಸಂಬಳದೋರಿಗೆ ವರ್ಷಕ್ಕೆ ಸಾವಿರದವರೆಗೆ ಮಾಫಿ. ನಿಂದು ನಾನೂರು ಜಾಸ್ತಿ ಆಯ್ತು. ಅದಕ್ಕೆ ಎಂಬತ್ತು ಪೌಂಡು. ಎಂಟು ತಿಂಗಳಿಗೆ ಹಂಚಿ ಹತ್ತತ್ತು ಹಿಡೀತಿದಾರೆ. ಬ್ಯಾಂಕೇ ಅವರಿಗೆ ಲೆಕ್ಕ ಕೊಡುತ್ತೆ. ಅವರು ನಿನಗೂ ಕಂದು ಲಕೋಟೆಯಲ್ಲಿ ಬರೆದಿರ್ತಾರೆ. ನಾನು ಬರೀ ಚೀಟಿ ಹಂಚೋಳು."

ಗ್ಲೆನಿಸ್ ಚಮಚ ಕೆಳಗಿಟ್ಟಳು. ಮೂರು ವರ್ಷದ ಬಡ್ಡಿಯನ್ನು ಒಂದೇ ವರ್ಷಕ್ಕೆ ಸೇರಿಸುವುದು ಯಾವ ನ್ಯಾಯ ಎಂದು ಕೇಳಿದಳು. ದುಡ್ಡು ಕೈಗೆ ಬಂದ ವರ್ಷವೇ ಲೆಕ್ಕ ಎಂದಳು ಮೆನ್ನಾ. ವರ್ಷ ವರ್ಷ ಬಡ್ಡಿ ತೆಗೆದುಕೊಂಡಿದ್ದರೆ ಒಂದು ಪೆನ್ನಿಯೂ ತೆರಿಗೆ ಬೀಳುತ್ತಿರಲಿಲ್ಲ. ಐಸಾ ಎನ್ನುವ ಉಳಿತಾಯ ಖಾತೆಯಲ್ಲಿ ಇಟ್ಟಿದ್ದರೆ ತೆರಿಗೆಯ ಮಾತೇ ಇರಲಿಲ್ಲ.

"ಹಾಗಾದ್ರೆ ಮೇಲಿನ ಕ್ರೀಮು?"

"ಡಿವಿಡೆಂಡು, ಷೇರಿನ ಲಾಭಾಂಶ. ನಿನಗೆಲ್ಲಿಂದ ಬರಬೇಕು ಅದು."

ಬಂದಿದೆ ಎಂದಳು ಗ್ಲೆನಿಸ್. ಅವಳ ಹತ್ತಿರ ಚಿಕ್ಕಮ್ಮ ಬಿಟ್ಟುಹೋದ ಹಡಗು ಕಂಪನಿಯ ಷೇರುಗಳಿದ್ದವು. ಅದೇ ವರ್ಷ ಅವುಗಳಿಂದ ಏಳುನೂರು ಪೌಂಡು ಬಂದಿತ್ತು. ಐನೂರರವರೆಗೆ ಮಾಫಿ, ಉಳಿದ ಇನ್ನೂರಕ್ಕೆ ನೂರಕ್ಕೆ ಎಂಟೂಮುಕ್ಕಾಲರಂತೆ ಹದಿನೇಳೂವರೆ ಪೌಂಡು ಎಂದು ಮೆನ್ನಾ ಲೆಕ್ಕ ಹಾಕಿದಳು. ಆದರೆ ಇದನ್ನು ಕಂಪನಿ ತೆರಿಗೆ ಕಚೇರಿಗೆ ತಿಳಿಸುವುದಿಲ್ಲ. ಗ್ಲೆನಿಸ್ಸೇ ಅಕ್ಟೋಬರ್ ಐದರೊಳಗೆ ತಿಳಿಸಬೇಕು. ಸಂಬಳ, ಬಡ್ಡಿ, ಡಿವಿಡೆಂಡು ಮೂರೂ ಸೇರಿ ಐವತ್ತು ಸಾವಿರದ ಇನ್ನೂರ ಎಪ್ಪತ್ತು ದಾಟಿದವರಿಗೆ ಬಡ್ಡಿಯ ಮಾಫಿ ಐನೂರಕ್ಕೆ ಇಳಿಯುತ್ತದೆ, ದರವೂ ಏರುತ್ತದೆ. ಕೆಳಗಿನದನ್ನು ಬಿಟ್ಟು ಕ್ರೀಮನ್ನಷ್ಟೇ ನೋಡಿದರೆ ಬೋಗುಣಿ ಎಷ್ಟು ತುಂಬಿದೆ ಎಂದು ಹೇಗೆ ಗೊತ್ತಾಗಬೇಕು?

ಗ್ಲೆನಿಸ್ ಬಹಳ ಹೊತ್ತು ಕೈ ಒರೆಸಿಕೊಂಡಳು.

"ಮೆನ್ನಾ, ಈ ಮೂರು ವಾರವೂ ಶಾಲೆ ಊಟದಲ್ಲಿ ನಿನ್ನ ತಟ್ಟೆಗೆ ಅಂಚು ಸೀದ ಪೈ ತುಂಡನ್ನೇ ಹಾಕ್ತಿದ್ದೆ."

"ಗೊತ್ತಿತ್ತು."

"ಮತ್ತೆ ಯಾಕೆ ತಿಂದೆ?"

"ನೀನು ಮಾಡಿದ್ದಲ್ವೇನೇ."

ಸೋಮವಾರ ಇಬ್ಬರೂ ಒಟ್ಟಿಗೆ ಕೂತು ತೆರಿಗೆ ಕಚೇರಿಗೆ ಫೋನ್ ಮಾಡಿದರು. ಅರ್ಧ ಗಂಟೆ ಸಂಗೀತ ಕೇಳಿಸಿಕೊಂಡ ಮೇಲೆ ಒಬ್ಬ ಹುಡುಗಿ ಮಾತಿಗೆ ಸಿಕ್ಕಿದಳು, ಸಮಾಧಾನದಿಂದ ಬರೆದುಕೊಂಡಳು. ಆ ಹದಿನೇಳೂವರೆಯನ್ನೂ ಸಂಬಳದಲ್ಲೇ ಹಿಡಿಯುತ್ತೇವೆ ಎಂದಳು. ಇಫೋರ್ ಪಕ್ಕದಲ್ಲಿ ನಿಂತು ಎಲ್ಲ ಕೇಳಿ, ತನಗೆ ಮೊದಲೇ ಅನುಮಾನವಿತ್ತು ಎಂದ.

ಓದುವ ತಾಯಂದಿರೇ, ಅಣ್ಣಂದಿರೇ, ನಿಮಗೂ ಸಂಬಳದ ಜೊತೆ ಒಂದಿಷ್ಟು ಉಳಿತಾಯ, ನಾಲ್ಕು ಷೇರು ಇರಬಹುದು. ವರ್ಷ ಮುಗಿದಾಗ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಕೂಡಿಸಿ. ಬೇರೆ ಯಾರೋ ಮುರಿದುಕೊಂಡಿರುತ್ತಾರೆ, ಬೇರೆ ಯಾರೋ ತಿಳಿಸಿರುತ್ತಾರೆ ಎಂದು ಕೂರಬೇಡಿ. ನಾನು ಹೇಳಿದ್ದು ಆ ವರ್ಷದ ದರ, ಈ ವರ್ಷದ್ದನ್ನು ಕೇಳಿ ತಿಳಿದುಕೊಳ್ಳಿ. ತೆರಿಗೆ ಹೆಚ್ಚು ಹಿಡಿದಿದ್ದರೆ ಕಚೇರಿ ವಾಪಸು ಕೊಡುತ್ತದೆ. ಗೆಳತಿಯೊಡನೆ ಮಾತಿಲ್ಲದೆ ಕಳೆದ ಮೂರು ವಾರವನ್ನು ಯಾವ ಕಚೇರಿಯೂ ವಾಪಸು ಕೊಡುವುದಿಲ್ಲ.