ಮುದ್ದಣ್ಣನ ಸ್ವರಕ್ಕೆ ಯಾವ ಸಾಫ್ಟ್‌ವೇರ್

ಕಾಪು ಪೇಟೆಯಲ್ಲಿ ಮುದ್ದಣ್ಣನ ಕಂಪ್ಯೂಟರ್ ರಿಪೇರಿ ಅಂಗಡಿಯ ದಾರಿ ಕೇಳಿದರೆ ಜನ ಬೋರ್ಡಿನ ಗುರುತು ಹೇಳುತ್ತಿರಲಿಲ್ಲ. "ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ಹೋಗಿ. ಒಂದು ಕಡೆ ಜೋರು ಮಾತು ಕೇಳಿಸ್ತದೆ, ಅದೇ" ಎನ್ನುತ್ತಿದ್ದರು.

ಸಂಜೆ ಅಲ್ಲಿ ನಾಲ್ವರು ಸೇರುತ್ತಿದ್ದರು. ಮಣಿಪಾಲದ ಕಾಲೇಜೊಂದರಲ್ಲಿ ಪಾಠ ಮಾಡುವ ಉಜ್ವಲ್ ಮನೆಗೆ ಮರಳುವ ದಾರಿಯಲ್ಲಿ ಕಾರು ನಿಲ್ಲಿಸುತ್ತಿದ್ದ. ಕಟಪಾಡಿಯ ಜೆಫ್ರಿ ಮದುವೆಗಳ ವಿಡಿಯೋ ಮಾಡುವವ. ಕರಿಬಸವನ ಅಪ್ಪ ಅಮ್ಮ ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಪರ್ಕಳಕ್ಕೆ ಬಂದು ಅಲ್ಲೇ ನಿಂತವರು; ಅವನು ಅಂಗಡಿ, ಮನೆಗಳಿಗೆ ಸಿಸಿ ಕ್ಯಾಮೆರಾ ಕೂರಿಸುತ್ತಿದ್ದ. ನಾಲ್ಕನೆಯವನು ಮುದ್ದಣ್ಣ. ಅವನ ಮಾತು ಉಳಿದ ಮೂವರ ಮಾತಿನ ಮೇಲೆ ಹತ್ತಿ ಕೂರುವಂಥದ್ದು. ಯಾವ ಬ್ರೌಸರ್ ಒಳ್ಳೆಯದು, ಯಾವ ಕಂಪೆನಿ ನಮ್ಮ ಮಾತು ಕದ್ದು ಕೇಳುತ್ತದೆ, ಎಐ ಬಂದ ಮೇಲೆ ಪ್ರೋಗ್ರಾಂ ಬರೆಯುವವರು ಬೇರೆ ಕಸುಬು ನೋಡಬೇಕೇ ಎಂದು ಬೆಳಿಗ್ಗೆಯಿಂದ ಫೋನಿನಲ್ಲಿ ಓದಿದ್ದೆಲ್ಲ ಸಂಜೆ ಅಲ್ಲಿ ಕುಟ್ಟಿ ಪುಡಿಯಾಗುತ್ತಿತ್ತು.

ಸುಗಂಧಿ ಉಚ್ಚಿಲದ ಸೊಸೈಟಿಯಲ್ಲಿ ಕೆಲಸ ಮುಗಿಸಿ ಬಸ್ಸಿಳಿದು ಗಂಡನ ಅಂಗಡಿಗೆ ಬಂದು ಮೂಲೆಯ ಸ್ಟೂಲಿನಲ್ಲಿ ಕೂರುತ್ತಿದ್ದಳು. ಮಾತಿನ ತಲೆಬುಡ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೆ ಮಕ್ಕಳಿಲ್ಲದ ಅವರ ಬದುಕಿನಲ್ಲಿ ಆ ಗದ್ದಲ ಅವಳಿಗೆ ಇಷ್ಟವಾಗಿತ್ತು. ಎಷ್ಟೇ ಜಗಳವಾದರೂ ಹೊರಡುವಾಗ ಜೆಫ್ರಿ ನಾಲ್ಕೂ ಚಹಾದ ಲೋಟಗಳನ್ನು ತೊಳೆದು ಕವುಚಿಟ್ಟು ಹೋಗುತ್ತಿದ್ದ. ಒಂದು ದಿನವೂ ಮರೆತವನಲ್ಲ.

ಮುದ್ದಣ್ಣನ ಸ್ವರ ಒಡೆದದ್ದನ್ನು ಮೊದಲು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ಕೂಗಿ ಕೂಗಿ ಹೀಗಾದದ್ದು" ಎಂದು ನಗಾಡಿದರು. ಮಳೆಗಾಲ ಕಳೆದರೂ ಸರಿಯಾಗದಾಗ ಗಂಡ ಹೆಂಡತಿ ಮಣಿಪಾಲದ ಆಸ್ಪತ್ರೆಗೆ ಹೋದರು. ಗಂಟಲಿಗೆ ಕೊಳವೆ ಇಳಿಸಿ ನೋಡಿದ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು: ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಮುಂದಿನ ತಿಂಗಳು ಆಪರೇಷನ್.

"ಆಮೇಲೆ ಅಭ್ಯಾಸ ಮಾಡಿದರೆ ಏನೋ ಒಂದು ಸ್ವರ ಬರಬಹುದು. ಈ ಸ್ವರ ಅಲ್ಲ" ಎಂದರು ಡಾಕ್ಟರು. "ಈಗೆಲ್ಲ ಸಾಫ್ಟ್‌ವೇರ್ ಉಂಟಲ್ಲ, ನಿಮ್ಮದೇ ಸ್ವರದಲ್ಲಿ ಫೋನ್ ಮಾತಾಡ್ತದೆ. ಅದಕ್ಕೆ ಮೊದಲೇ ರೆಕಾರ್ಡ್ ಮಾಡಿ ಇಡಬೇಕು. ತಡ ಮಾಡಬೇಡಿ."

ಬಸ್ಸಿನಲ್ಲಿ ಮರಳುವಾಗ ಸುಗಂಧಿ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸ್ವರ ಉಳಿಸಿಕೊಳ್ಳಬಹುದು. ಬೇರೆ ಯಾವುದಕ್ಕೂ ತನ್ನ ಕೈಯಲ್ಲಿ ದಾರಿಯಿಲ್ಲ, ಇದಕ್ಕೆ ಉಂಟು. ಅದೂ ಇಡೀ ಕಾಪುವಿನಲ್ಲಿ ಸಾಫ್ಟ್‌ವೇರ್ ಬಲ್ಲವರೆಲ್ಲ ಕೂರುವುದು ತನ್ನ ಗಂಡನ ಅಂಗಡಿಯಲ್ಲೇ.

ಸಂಜೆ ಅಂಗಡಿಯಲ್ಲಿ ಮೂವರಿಗೂ ಸುದ್ದಿ ಹೇಳಿದರು. ಮೊದಲು ಮಾತೆತ್ತಿದವನು ಉಜ್ವಲ್.

"ಹೆದರಬೇಡಿ ಅಕ್ಕ. ಒಂದು ವಿದೇಶೀ ಸೈಟ್ ಉಂಟು. ಅರ್ಧ ಗಂಟೆಯ ಮಾತು ಹಾಕಿದರೆ ಸಾಕು, ಸ್ವರ ತಯಾರು."

"ಹಾಕುವುದು ಎಲ್ಲಿಗೆ?" ಎಂದ ಮುದ್ದಣ್ಣ, ಒಡಕು ದನಿಯಲ್ಲೇ. "ಅವರ ಕಂಪ್ಯೂಟರಿಗೆ ಅಲ್ವಾ? ನಾಳೆ ನನ್ನ ಸ್ವರದಲ್ಲಿ ಯಾರೋ ನನ್ನ ಬ್ಯಾಂಕಿಗೆ ಫೋನ್ ಮಾಡಿದರೆ? ಸತ್ತರೂ ಕೊಡುವುದಿಲ್ಲ ಮಾರಾಯ. ಎಲ್ಲ ನಮ್ಮ ಕಂಪ್ಯೂಟರಿನಲ್ಲೇ ನಡೆಯಬೇಕು. ಬಿಟ್ಟಿ ಸಿಗುವ, ಬಿಚ್ಚಿ ನೋಡಬಹುದಾದ ಸಾಫ್ಟ್‌ವೇರಿನಲ್ಲಿ."

"ಅದರಲ್ಲಿ ಕನ್ನಡ ಮಾತಾಡಿಸಿದರೆ ರೈಲ್ವೆ ಸ್ಟೇಷನಿನ ಅನೌನ್ಸ್‌ಮೆಂಟ್ ಹಾಗೆ ಕೇಳ್ತದೆ" ಎಂದ ಉಜ್ವಲ್.

"ನಿನ್ನ ಕ್ಲಾಸಿಗಿಂತ ಅಡ್ಡಿಲ್ಲ."

ಜೆಫ್ರಿ ನಡುವೆ ಬಾಯಿ ಹಾಕಿದ. "ಯಾವುದೇ ಆಗಲಿ, ಈ ಅಂಗಡಿಯಲ್ಲಿ ರೆಕಾರ್ಡ್ ಮಾಡಿದರೆ ಹೈವೇ ಲಾರಿಯ ಸ್ವರವೂ ಸೇರ್ತದೆ. ಸರಿಯಾದ ಮೈಕ್ ಬೇಕು. ಕಾರ್ಕಳದಲ್ಲಿ ನನ್ನ ಫ್ರೆಂಡ್ ಡೆನ್ವರನ ಸ್ಟುಡಿಯೋ ಉಂಟು."

ಕರಿಬಸವ ಫೋನಿನಿಂದ ಕಣ್ಣೆತ್ತಿದ. "ಸ್ವಲ್ಪ ತಡೀರಿ. ಮುಂದಿನ ವಾರ ಹೊಸಾದೊಂದು ಬರ್ತೈತಂತ, ಸುದ್ದಿ ಐತಿ ಇಲ್ಲಿ. ನಮ್ಮ ಭಾಷಾ ಎಲ್ಲಾ ಬರ್ತಾವಂತ. ಈಗ ಗಡಿಬಿಡಿ ಮಾಡಿ ಹಳೇದ್ರಾಗ ಯಾಕ ಮಾಡ್ತೀರಿ?"

ಮುದ್ದಣ್ಣನ ಮುಖ ಅರಳಿತು. ರೋಗದ ಹೆಸರು ಕೇಳಿದ ಮೇಲೆ ಅವನ ಮುಖದಲ್ಲಿ ಆ ಕಳೆ ಬಂದದ್ದು ಅದೇ ಮೊದಲು. ಅದನ್ನು ನೋಡಿ ಸುಗಂಧಿ ಅವರನ್ನು ಅವಸರಪಡಿಸಲಿಲ್ಲ. ನಗುತ್ತಿದ್ದಾರಲ್ಲ, ನಗಲಿ ಎಂದುಕೊಂಡಳು.

ಹೊಸತು ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಅಷ್ಟರಲ್ಲಿ ಏನನ್ನು ಓದಿಸಬೇಕು ಎಂಬ ತರ್ಕ ಎದ್ದಿತ್ತು. ಉಜ್ವಲ್ ಕನ್ನಡ ವಾಕ್ಯಗಳ ಪಟ್ಟಿ ತಂದ. "ಮನೆಯಲ್ಲಿ ನಾನು ತುಳುವಿನಲ್ಲಿ ಬದುಕುವವ. ಹೆಂಡತಿ ಹತ್ತಿರ ವಾರ್ತೆ ಓದಲಿಕ್ಕೆ ಉಂಟಾ?" ಎಂದು ಮುದ್ದಣ್ಣ ಅದನ್ನು ಬದಿಗೆ ಸರಿಸಿದ. ತುಳುವಿಗೆ ಸಾಫ್ಟ್‌ವೇರ್ ಎಲ್ಲಿ ಎಂದು ಉಜ್ವಲ್, ಹುಡುಕಿದರೆ ಉಂಟು ಎಂದು ಮುದ್ದಣ್ಣ. ದಿನವೂ ಸ್ವರ ಇನ್ನಷ್ಟು ಸವೆಯುತ್ತಿತ್ತು. ಇದ್ದಷ್ಟನ್ನೂ ಮುದ್ದಣ್ಣ ಸಂಜೆಯ ಜಗಳಕ್ಕೆ ಸುರಿಯುತ್ತಿದ್ದ.

ಒಂದು ಭಾನುವಾರ ಸುಗಂಧಿ ತನ್ನ ಫೋನನ್ನು ಸೆರಗಿನ ಮರೆಯಲ್ಲಿಟ್ಟು, ಊಟ ಮಾಡುತ್ತಿದ್ದವನನ್ನು ಮಾತಿಗೆ ಎಳೆದಳು. ಬಂಗುಡೆ ಮೀನಿನ ಪುಳಿಮುಂಚಿ ಸಾರಿಗೆ ಉಪ್ಪು ಕಡಿಮೆಯೆಂದೂ, ಪಕ್ಕದ ಮನೆಯವರ ಇನ್ವರ್ಟರ್ ಹಾಳೆಂದೂ ಅವನು ಹೇಳುತ್ತಾ ಹೋದ. ಫೋನು ಕಣ್ಣಿಗೆ ಬಿದ್ದದ್ದೇ ಕೈ ತೊಳೆದು ಬಂದು ಅದನ್ನು ಎತ್ತಿಕೊಂಡ.

"ಎಂತ ಇದು? ಇದು ಸ್ವರವನ್ನು ಹಿಂಡಿ ಚರಟ ಮಾತ್ರ ಇಡುವ ಫಾರ್ಮ್ಯಾಟ್. ಇದರಿಂದ ಏನೂ ಆಗುವುದಿಲ್ಲ."

"ಇರಲಿ, ನನಗೆ ಕೇಳಲಿಕ್ಕೆ ಆದೀತು" ಎಂದಳು.

"ಒಳ್ಳೆಯದನ್ನೇ ಮಾಡಿಕೊಡುವ. ಕಸ ಯಾಕೆ ಇಟ್ಟುಕೊಳ್ಳುವುದು?" ಎಂದು ಪ್ರೀತಿಯಿಂದಲೇ ಅದನ್ನು ಅಳಿಸಿ ಫೋನು ಮರಳಿ ಕೊಟ್ಟ.

ಮುಂದಿನ ಶನಿವಾರ ಸುಗಂಧಿಯೂ ಸೇರಿ ಎಲ್ಲರೂ ಕಾರ್ಕಳಕ್ಕೆ ಹೋದರು. ಡೆನ್ವರ್ ಮಾತು ಕಡಿಮೆಯ ಹುಡುಗ. ಮುದ್ದಣ್ಣ ಕೆಮ್ಮಿದ್ದನ್ನು ಕಂಡು, ಯಾರೂ ಹೇಳದೆಯೇ ಒಳಗಿನಿಂದ ಬಿಸಿನೀರು ತಂದು ಅವನ ಕೈಗೆಟುಕುವಲ್ಲಿ ಇಟ್ಟ. "ಸುರು ಮಾಡುವನಾ?" ಎಂದ. ಆದರೆ ಅವನ ಕಂಪ್ಯೂಟರಿನಲ್ಲಿದ್ದ ಸಾಫ್ಟ್‌ವೇರ್ ನೋಡಿ ಮುದ್ದಣ್ಣ ಹುಬ್ಬು ಗಂಟಿಕ್ಕಿದ. ಅದು ದುಡ್ಡಿನದ್ದು, ಅದರ ಫೈಲು ಬೇರೆ ಕಡೆ ತೆರೆಯುವುದಿಲ್ಲ. ಜೆಫ್ರಿ ಅದನ್ನೇ ಸಮರ್ಥಿಸಿದ. ಮುದ್ದಣ್ಣನ ಪೆನ್‌ಡ್ರೈವಿನಿಂದ ಬಿಟ್ಟಿಯದ್ದನ್ನು ಹಾಕಿದರೆ ಅದಕ್ಕೆ ಮೈಕ್ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂಬುದಕ್ಕೆ ನಾಲ್ಕು ಅಭಿಪ್ರಾಯ. "ಸುರು ಮಾಡುವನಾ?" ಎಂದು ಡೆನ್ವರ್ ಮತ್ತೆ ಕೇಳಿದ. ಮಧ್ಯಾಹ್ನದ ಹೊತ್ತಿಗೆ ಕರೆಂಟು ಹೋಯಿತು. ಕತ್ತಲೆ ಕೋಣೆಯಲ್ಲಿ ಕೂತು ಮುದ್ದಣ್ಣ ಸಂಜೆಯವರೆಗೂ ಬಿಟ್ಟಿ ಸಾಫ್ಟ್‌ವೇರಿನ ಪರ ವಾದಿಸಿದ. ಅಷ್ಟು ಚೆನ್ನಾಗಿ ಅವನು ಮಾತಾಡಿದ್ದೇ ಇಲ್ಲವೆಂದು ಉಜ್ವಲ್ ಕೂಡ ಒಪ್ಪಿದ. ಅದರಲ್ಲಿ ಒಂದು ಶಬ್ದವೂ ಎಲ್ಲೂ ದಾಖಲಾಗಲಿಲ್ಲ.

"ಸೋಮವಾರ ಮತ್ತೆ ಬನ್ನಿ ಅಕ್ಕ, ನಾನು ಎರಡೂ ತಯಾರು ಮಾಡಿ ಇಡ್ತೇನೆ" ಎಂದ ಡೆನ್ವರ್, ಕಾರಿನ ಬಾಗಿಲು ಹಿಡಿದುಕೊಂಡು.

ಸೋಮವಾರ ಬೆಳಿಗ್ಗೆ ಮುದ್ದಣ್ಣನಿಗೆ ಉಸಿರು ಸಿಕ್ಕಲಿಲ್ಲ. ಸುಗಂಧಿ ಫೋನ್ ಮಾಡಿದ್ದೇ ಉಜ್ವಲ್ ಚಪ್ಪಲಿಯೂ ಇಲ್ಲದೆ ಓಡಿಬಂದ. ಅವನ ಕಾರಿನ ಹಿಂದಿನ ಸೀಟಿನಲ್ಲಿ ಅವಳ ಹೆಗಲಿಗೆ ಒರಗಿ ಕೂತಿದ್ದ ಮುದ್ದಣ್ಣನ ಎದೆ ಸಿಳ್ಳೆ ಹಾಕುತ್ತಿತ್ತು. ಫೋನಿನ ಮ್ಯಾಪು ಮಣಿಪಾಲಕ್ಕೆ ಉಡುಪಿಯ ಮೇಲಿಂದಲೇ ಹೋಗು ಎನ್ನುತ್ತಿತ್ತು. ಮುದ್ದಣ್ಣ ಮುಂದಕ್ಕೆ ಬಾಗಿ, ಉಜ್ವಲನ ಹೆಗಲು ತಟ್ಟಿ, ಇದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ಹೇಳಿದ:

"ಅದು ಹೇಳಿದ್ದು ಕೇಳಬೇಡ. ಅಲೆವೂರು ರಸ್ತೆಯಲ್ಲಿ ಹೋಗು."

ಉಜ್ವಲ್ ಮರುಮಾತಾಡದೆ ಅಲೆವೂರು ರಸ್ತೆಗೆ ತಿರುಗಿಸಿದ. ಮುದ್ದಣ್ಣನ ಸ್ವರ ಲೋಕದಲ್ಲಿ ಕೊನೆಯದಾಗಿ ಕೇಳಿದ್ದು ಅಷ್ಟೇ. ಆಸ್ಪತ್ರೆ ಮುಟ್ಟಿದ ಕೂಡಲೇ ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ತೂತು ಮಾಡಿದರು. ಇನ್ನು ಕಾಯುವಂತಿಲ್ಲವೆಂದು ಆ ವಾರವೇ ಆಪರೇಷನ್ ಮುಗಿಸಿದರು.

ಅವನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಮೂವರೂ ಸ್ವರ ಹುಡುಕಲು ಹೊರಟರು. ವಾಟ್ಸ್ಆ್ಯಪ್ ಗುಂಪಿನಲ್ಲಿ ಅವನು ಕಳಿಸಿದ ಉದ್ದುದ್ದ ಬೈಗಳ ಧ್ವನಿ ಸಂದೇಶಗಳಿದ್ದವಲ್ಲ? ಒಂದೂ ಇರಲಿಲ್ಲ. ಹಳೆಯ ಸಂದೇಶಗಳು ತಾವಾಗಿ ಅಳಿಯಬೇಕು, ಮಾತನ್ನು ಕೂಡಿಡುವುದು ಅಪಾಯ ಎಂದು ಹಟ ಹಿಡಿದು ಗೆದ್ದವನೂ ಮುದ್ದಣ್ಣನೇ. ಕರಿಬಸವ ಅಂಗಡಿಯ ಸಿಸಿ ಕ್ಯಾಮೆರಾದ ಚಿತ್ರಗಳನ್ನು ತೆಗೆದ. ಅದರಲ್ಲಿ ಮುದ್ದಣ್ಣ ಮೇಜು ಕುಟ್ಟುತ್ತಿದ್ದ, ಬೆರಳು ಎತ್ತುತ್ತಿದ್ದ, ಬಾಯಿ ಎಡೆಬಿಡದೆ ಆಡುತ್ತಿತ್ತು. ಸ್ವರವಿರಲಿಲ್ಲ. ಗಿರಾಕಿಗಳ ಮಾತು ಕದ್ದು ಕೇಳಬಾರದೆಂದು ಮೈಕನ್ನು ಅವನೇ ತೆಗೆಸಿದ್ದ.

"ಅಣ್ಣಾರು ಹೇಳಿದ್ರು, ನಾನ ತೆಗದೆ ಅಕ್ಕಾರ" ಎಂದ ಕರಿಬಸವ. ಅವನ ಕಣ್ಣಲ್ಲಿ ನೀರಿತ್ತು. ಸುಗಂಧಿ ಅವನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಳು. ಬೈಯಲು ಅವಳಿಗೆ ಯಾರೂ ಸಿಗಲಿಲ್ಲ.

ವಾರ್ಡಿನ ನರ್ಸ್ ಭವ್ಯಶ್ರೀ, ಮುದ್ದಣ್ಣ ಬಾಯಿ ಆಡಿಸಿದಾಗಲೆಲ್ಲ ಎಷ್ಟೇ ಕೆಲಸವಿದ್ದರೂ ನಿಂತು, ತುಟಿ ಓದಲು ಪ್ರಯತ್ನಿಸುತ್ತಿದ್ದಳು. ತಿಳಿಯದಿದ್ದರೆ "ಇನ್ನೊಮ್ಮೆ ಹೇಳಿ" ಎನ್ನುತ್ತಿದ್ದಳು, ಹೇಳಲು ಅವನಿಗೆ ಸ್ವರವಿದೆ ಎಂಬಂತೆ.

ಮನೆಗೆ ಬಂದ ಮೇಲೆ ಉಜ್ವಲ್ ಅವನ ಫೋನಿಗೆ ಮಾತಾಡುವ ಆ್ಯಪ್ ಹಾಕಿಕೊಟ್ಟ. ಒತ್ತಿದ ಅಕ್ಷರಗಳನ್ನು ಅದು ವಾರ್ತೆ ಓದುವ ಯಾರೋ ಗಂಡಸಿನ ದನಿಯಲ್ಲಿ, ಸಿಟ್ಟಿಲ್ಲದೆ, ನಗುವಿಲ್ಲದೆ ಹೇಳುತ್ತಿತ್ತು. ಮುದ್ದಣ್ಣ ಅದನ್ನು ಅನ್ನ, ನೀರು, ಫ್ಯಾನಿಗೆ ಮಾತ್ರ ಬಳಸಿದ.

ಒಂದು ಸಂಜೆ ಮೂವರೂ ಮನೆಗೆ ಬಂದು ಚಾವಡಿಯಲ್ಲಿ ಕೂತರು. ಹವಾಮಾನ, ಮೀನಿನ ದರ ಮಾತಾಡಿದರು. ಮುದ್ದಣ್ಣ ಅಸಹನೆಯಿಂದ ಕೈಯಾಡಿಸಿ, ಮಾತಾಡಿ, ನಿಮ್ಮದನ್ನೇ ಮಾತಾಡಿ ಎಂಬಂತೆ ಸನ್ನೆ ಮಾಡಿದ. ಕರಿಬಸವ ಹಿಂಜರಿಯುತ್ತಲೇ ಏನೋ ಹೊಸ ಸುದ್ದಿ ಎತ್ತಿದ, ಉಜ್ವಲ್ ಏನೋ ಹೇಳಿದ. ಮುದ್ದಣ್ಣ ಫೋನು ಎಳೆದುಕೊಂಡು ಒತ್ತತೊಡಗಿದ. ಮೂವರೂ ತಕ್ಷಣ ಸುಮ್ಮನಾಗಿ, ಮೊಣಕಾಲ ಮೇಲೆ ಕೈಯಿಟ್ಟು ಕಾದರು. ಅವನ ಮಾತಿಗೆ ಅವರು ಹಿಂದೆಂದೂ ಹೀಗೆ ಕಾದವರಲ್ಲ.

ಆ ಪರಕೀಯ ದನಿ ಹೇಳಿತು: "ದುಡ್ಡು ಕೊಟ್ಟು ತೆಗೆದುಕೊಂಡದ್ದೇ ಒಳ್ಳೆಯದು. ಬಿಟ್ಟಿ ಸಾಫ್ಟ್‌ವೇರ್ ಎಲ್ಲ ಕಸ."

ಸುಗಂಧಿಗೂ ಗೊತ್ತಿತ್ತು ಇದು ಅವನ ಜೀವಮಾನದ ಮಾತಿಗೆ ನೇರ ವಿರುದ್ಧವೆಂದು. ಬೇಕೆಂದೇ ಕೆಣಕುತ್ತಿದ್ದಾನೆ. ಅವನ ಕಣ್ಣುಗಳು ಒಬ್ಬರಿಂದ ಒಬ್ಬರಿಗೆ ಹಾರುತ್ತಿದ್ದವು. ಬೈಯಿರೋ, ಎದುರಾಡಿರೋ ಎಂದು ಅವಳೇ ಒಳಗೊಳಗೆ ಬೇಡಿಕೊಂಡಳು.

"ಅದೂ ಹೌದು ಮುದ್ದಣ್ಣ" ಎಂದ ಜೆಫ್ರಿ ಮೆಲ್ಲಗೆ.

"ಖರೇ ಐತಿ ಅಣ್ಣಾರ."

"ನೀವು ಹೇಳಿದ್ದೇ ಸರಿ" ಎಂದ ಉಜ್ವಲ್.

ಮುದ್ದಣ್ಣ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ.

ಅವನಿಗೆ ಆಯಾಸವಾಗಿದೆಯೆಂದು ಮೂವರೂ ಬೇಗನೆ ಎದ್ದರು. ಜೆಫ್ರಿ ಲೋಟಗಳನ್ನು ಒಳಗೆ ಒಯ್ದು ತೊಳೆದಿಟ್ಟ. ಸುಗಂಧಿ ಅಂಗಳದವರೆಗೆ ಹೋಗಿ ಬೀಳ್ಕೊಟ್ಟು ಬಂದಳು. ಗೇಟು ದಾಟಿದ ಮೇಲೆ ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿಸಲಿಲ್ಲ. ಕೇಳಿಸಿದ್ದು ಮಾತು. ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ, ಆಮೇಲೆ ಒಬ್ಬರ ಮೇಲೊಬ್ಬರು. "ಎಂತ ಮಾತಾಡ್ತಿ ಮಾರಾಯ, ಅದು ಹಾಗಲ್ಲ" ಎನ್ನುತ್ತಿದ್ದ ಉಜ್ವಲ್. ಕರಿಬಸವ ನಗುತ್ತಿದ್ದ.

ಮುದ್ದಣ್ಣ ಅತ್ತ ಕಿವಿ ತಿರುಗಿಸಿ ಕೂತಿದ್ದ. ಕುತ್ತಿಗೆಯ ತೂತಿನಿಂದ ಉಸಿರು ಬಂದು ಹೋಗುತ್ತಿತ್ತು. ತುಟಿಗಳು ಆಡುತ್ತಿದ್ದವು. ಸುಗಂಧಿ ಕಿಟಕಿ ಮುಚ್ಚಲೆಂದು ಎದ್ದವಳು ಮುಚ್ಚಲಾರದೆ, ಚಿಲಕದ ಮೇಲೆ ಕೈಯಿಟ್ಟು ಹಾಗೆಯೇ ನಿಂತಳು.