ಎದುರಾಳಿಯ ಕೈಯಲ್ಲಿ ಬಲೆ

ಗಾಳ ಹಾಕಿ ಮೀನು ಹಿಡಿಯುವವರ ಕ್ಲಬ್ಬಿನ ತಂಡ ಸೇರುವ ಹಂಬಲ ನನ್ನ ಗಂಡ ಚೇತನಕುಮಾರರಿಗೆ ಮದುವೆಗಿಂತ ಹಳೆಯದು. ಎರಡು ವರ್ಷ ಕೂದಲೆಳೆಯಲ್ಲಿ ತಪ್ಪಿತ್ತು. ಈ ವರ್ಷ ಉಳಿದಿದ್ದ ಒಂದೇ ಜಾಗಕ್ಕೆ ಕೊನೆಯ ಸುತ್ತಿಗೆ ಬಂದವರು ಇಬ್ಬರು, ಅವರು ಮತ್ತು ನಾನು. ಕುಷಾಯಿಗೂಡದ ನಮ್ಮ ಮನೆಯಲ್ಲಿ ವಾರದಿಂದ ಮಾತು ಅಷ್ಟಕ್ಕಷ್ಟೇ. ಗಂಡನ ಜಾಗಕ್ಕೆ ಕೈ ಹಾಕುವ ಸೊಸೆಯನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದು ಅತ್ತೆ ಉಮಾಬಾಯಿ ರೊಟ್ಟಿ ಬಡಿಯುತ್ತಲೇ ಹೇಳಿದರು. ನೋಡಲಿ ಬಿಡಿ. ನನಗೂ ಆ ಜಾಗ ಬೇಕಿತ್ತು.

ಈ ಆಟ ಕಲಿಸಿದವರು ಚೇತನಕುಮಾರರೇ, ಅದನ್ನು ಇಲ್ಲ ಎನ್ನುವುದಿಲ್ಲ. ಭಾನುವಾರ ಕೆರೆಯ ದಂಡೆಯಲ್ಲಿ ಒಬ್ಬರೇ ಕೂರಲು ಬೇಸರವೆಂದು ಕರೆದೊಯ್ದಿದ್ದರು. ನಾನು ಭೀಮಾ ದಂಡೆಯಲ್ಲಿ ಬಿದಿರುಕೋಲು ಹಿಡಿದು ಬೆಳೆದವಳು. ಬೆಂಡು ಮುಳುಗಿದ ಕೂಡಲೇ ಮೇಲಕ್ಕೆ ಎಳೆಯುವ ಚಟ ಕೈಗೆ ಅಂಟಿತ್ತು. ಅವರು ಬಳಸುವ ಕ್ಯಾರೊಲಿನಾ ರಿಗ್ ಎಂಬ ಗಾಳದ ಜೋಡಣೆಯಲ್ಲಿ ಅದು ನಡೆಯುವುದಿಲ್ಲ. ಸೀಸದ ಗುಂಡು ತಳದಲ್ಲಿ ಉರುಳುತ್ತ ಬರುತ್ತದೆ, ಅದರ ಹಿಂದೆ ಎರಡು ಮೊಳ ದೂರದಲ್ಲಿ ಗಾಳಕ್ಕೆ ಚುಚ್ಚಿದ ರಬ್ಬರ್ ಹುಳು. ಮೀನು ಕಚ್ಚಿದ್ದು ಕೈಗೆ ತಡವಾಗಿ ತಿಳಿಯುತ್ತದೆ. ಆಗ ಸಡಿಲ ದಾರ ಸುತ್ತಿಕೊಂಡು ಕೋಲನ್ನು ಪಕ್ಕಕ್ಕೆ ಎಳೆಯಬೇಕು. ಇದನ್ನು ಕಲಿಯುವಷ್ಟರಲ್ಲಿ ನಾನು ಕಳೆದುಕೊಂಡ ಮೀನುಗಳಿಂದ ಒಂದು ಮದುವೆಯ ಊಟವೇ ಆಗುತ್ತಿತ್ತು.

ಕೊನೆಯ ಸುತ್ತು ನಡೆದದ್ದು ಶಾಮೀರ್‌ಪೇಟೆಯ ಆಚೆಯ ಒಂದು ಕೆರೆಯಲ್ಲಿ; ಹೆಚ್ಚು ತೂಕದ ಮೀನು ಹಿಡಿದವರಿಗೆ ಜಾಗ. ಆಟ ಮುಗಿಯುವ ಸೀಟಿಗೆ ಸ್ವಲ್ಪವೇ ಹೊತ್ತಿತ್ತು. ಅವರು ಹಿಡಿದ ಕೊರಮೀನನ್ನು ತೂಗಿ ನೀರಿಗೆ ಬಿಟ್ಟಾಗಿತ್ತು. ನನಗೆ ಒಂದೂ ಸಿಕ್ಕಿರಲಿಲ್ಲ. ಬೇರೆ ಮೀನು ತಂದು ತೋರಿಸುವ ಕಳ್ಳಾಟ ನಡೆಯದಿರಲೆಂದು ನಮ್ಮ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ: ನಿಮ್ಮ ಮೀನನ್ನು ಬಲೆಗೆ ಹಾಕಿಕೊಳ್ಳಬೇಕಾದವನು ನಿಮ್ಮ ಎದುರಾಳಿ. ಹಾಗಾಗಿ ಅವರು ಹಿಡಿಬಲೆ ಹಿಡಿದು ಮೊಣಕಾಲು ನೀರಿನಲ್ಲಿ ನಿಂತಿದ್ದರು, ನನ್ನತ್ತ ನೋಡದೆ.

ದಾರ ಭಾರವಾಯಿತು. ಕೈ ಮೇಲಕ್ಕೆ ಏಳಲು ಹವಣಿಸಿತು, ತಡೆದೆ. ದಾರ ಸುತ್ತಿಕೊಂಡೆ, ಪಕ್ಕಕ್ಕೆ ಎಳೆದೆ. ಕೋಲು ಬಾಗಿತು. ಮೀನು ಹತ್ತಿರ ಬಂದು ಮೈ ತೋರಿಸಿತು. ಅವರದಕ್ಕಿಂತ ದೊಡ್ಡದು, ಅನುಮಾನವೇ ಇರಲಿಲ್ಲ. ಆದರೆ ಗಾಳ ತುಟಿಯ ಅಂಚಿಗಷ್ಟೇ ಸಿಕ್ಕಿತ್ತು. ಬಲೆಯ ಚೌಕಟ್ಟು ದಾರಕ್ಕೆ ಒಮ್ಮೆ ತಗುಲಿದರೂ ಮುಗಿಯಿತು, ಯಾರೂ ಅವರ ತಪ್ಪೆನ್ನುವಂತಿರಲಿಲ್ಲ.

ಮೀನಿನ ತಲೆಯನ್ನು ಅವರತ್ತ ತಿರುಗಿಸಿದೆ. ಬಲೆ ನೀರಿಗಿಳಿಯಿತು. ಮೀನು ಅದರ ಬಾಯಿಗೇ ಬಂದಿತ್ತು, ಬಲೆ ಹಿಂದಕ್ಕೆ ಸರಿಯಿತು. ಮೀನು ಹೊರಳಿ ಆಳಕ್ಕೆ ನುಗ್ಗಿತು, ರೀಲು ಕಿರುಗುಟ್ಟಿತು. ನನ್ನ ಸಿಟ್ಟು ನೆತ್ತಿಗೇರಿತು. ಬಾಯಿ ಬಿಟ್ಟರೆ ದಂಡೆಯ ಮೇಲಿದ್ದ ಅಷ್ಟೂ ಜನರ ಮುಂದೆ ಅವರ ಮಾನ ಹೋಗುತ್ತಿತ್ತು. ಹಲ್ಲು ಕಚ್ಚಿಕೊಂಡು ಮೀನನ್ನು ದಣಿಸಿ ಮತ್ತೆ ಅದೇ ಬಲೆಯ ಕಡೆಗೆ ತಂದೆ.

ಈ ಸಲ ಬಲೆ ಅಲುಗಲಿಲ್ಲ. ಮೀನು ಒಳಗೆ ಬರುವವರೆಗೂ ಕಾದು ಅವರು ಮೇಲಕ್ಕೆತ್ತಿದರು. ಗಾಳ ಬಲೆಯೊಳಗೇ ಕಳಚಿ ಬಿತ್ತು.

ಸೀಟಿಯಾಯಿತು, ದಂಡೆಯಿಂದ ಚಪ್ಪಾಳೆ ಕೇಳಿಸಿತು. ಅವರು ಬಲೆಯನ್ನು ನನ್ನ ಕೈಗೆ ಕೊಡುತ್ತ ತಗ್ಗಿದ ದನಿಯಲ್ಲಿ ಹೇಳಿದರು, "ಅನು, ಮೊದಲ ಸಲ ನಾ ಬೇಕಂತನ ಬಲಿ ಹಿಂದಕ್ಕ ತಗೊಂಡೆ. ನಿನಗ ಕಾಣಿಸ್ತೇನು?"

"ಕಾಣಿಸ್ತ್ರಿ."

"ಆದ್ರೂ ಮತ್ತ ನನ್ನ ಕಡೀನ ತಂದಿ."

"ಮತ್ಯಾರ ಕಡೆ ತರ್ಲಿ? ಬಲಿ ನಿಮ್ಮ ಕೈಯಾಗ ಇತ್ತಲ್ರಿ," ಎಂದೆ.

ಅವರು ತಲೆ ತಗ್ಗಿಸಿದರು. ಅಯ್ಯೋ ಅನ್ನಿಸಿತು, ಆದರೆ ಸಿಟ್ಟು ಇಳಿಯಲಿಲ್ಲ. ಇಂದಿಗೂ ಪೂರ್ತಿ ಇಳಿದಿಲ್ಲ.